ಹಳೇ ಕಾರಿನ ಅಲೈನ್‌ಮೆಂಟ್: ಮೊದಲು ಎತ್ತರ, ಆಮೇಲೆ ದಾರ

ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಕಾರು ಒಂದೇ ಕಡೆ ಎಳೆಯುತ್ತದೆ. ಮುಂದಿನ ಟೈರಿನ ಒಳ ಅಂಚು ಮಾತ್ರ ಬೋಳಾಗಿದೆ. ಹಳೇ ಕಾರು ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಥೆಯೇ. ತಕ್ಷಣ ಟೈ ರಾಡ್‌ಗೆ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಸ್ಪ್ಯಾನರ್ ಹಾಕೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಅದು ಕೊನೆಯ ಕೆಲಸ. ಕಾರು ನಿಂತಿರುವ ಎತ್ತರ ಬದಲಾದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ. ಆದ್ದರಿಂದ ಮೊದಲು ಎತ್ತರ, ಆಮೇಲೆ ಕ್ಯಾಂಬರ್, ಕಟ್ಟಕಡೆಗೆ ಟೋ.

ಮಟ್ಟವಾದ ನೆಲ ಬೇಕು. ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾಲ್ಕೂ ಚಕ್ರದ ಜಾಗ ನೋಡಿಕೊಳ್ಳಿ, ತಗ್ಗಿದ್ದ ಕಡೆ ತೆಳು ಹಲಗೆ ಇಡಿ. ಟೈರುಗಳಿಗೆ ಸರಿಯಾಗಿ ಗಾಳಿ ಹಾಕಿ. ಇನ್ನು ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಸವೆದಿದೆ, ಇಲ್ಲವೇ ಚಕ್ರ ಎಡಬಲ ಹೊರಳುವ ಕೀಲು, ಅಂದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್, ಸವೆದಿದೆ. ಎಡಕ್ಕೆ ಬಲಕ್ಕೆ ಆಡಿದರೆ ಟೈ ರಾಡ್ ಎಂಡ್ ಮೇಲೂ ಅನುಮಾನ. ಇವನ್ನು ಬದಲಿಸದೆ ಅಳತೆ ತೆಗೆದರೆ ಸುಮ್ನೆ ಶ್ರಮ ದಂಡ.

ಎತ್ತರವನ್ನು ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಅಳೆಯುವ ಮೊದಲು ಬಾನೆಟ್ ಮೇಲೆ ನಾಲ್ಕು ಸಲ ಒತ್ತಿ ಕುಲುಕಿಸಿ, ಕಾರನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿ. ಜಾಕ್‌ನಿಂದ ಇಳಿದ ಚಕ್ರ ತಾನಾಗಿ ತನ್ನ ಜಾಗಕ್ಕೆ ಬರುವುದಿಲ್ಲ.

ಇಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಸಸ್ಪೆನ್ಷನ್ ಕೀಲುಗಳಿಗೆ ಹೊಸ ರಬ್ಬರ್ ಬುಷ್ ಹಾಕಿ, ಚಕ್ರ ಗಾಳಿಯಲ್ಲಿ ತೂಗುತ್ತಿದ್ದಾಗಲೇ ಬೋಲ್ಟ್ ಬಿಗಿದೆ. ಕಾರು ಇಳಿಸಿದರೆ ಒಂದು ಕಡೆ ಎತ್ತರ. ಸ್ಪ್ರಿಂಗ್ ಕೆಟ್ಟಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ತಿರುಚಿದ ಬುಷ್ಷೇ ಕಾರನ್ನು ಎತ್ತಿ ಹಿಡಿದಿತ್ತು! ಬುಷ್ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಯುವುದು ಕಾರಿನ ಭಾರ ಚಕ್ರದ ಮೇಲೆ ಇದ್ದಾಗಲೇ.

ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಕಾರುಗಳಲ್ಲಿ ಎತ್ತರ ಹೊಂದಿಸುವುದೇ ಒಂದು ಮಜಾ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂದಿನ ಬಾರ್ ನೋಡಿ: ಒಳ ತುದಿಯಲ್ಲಿ 40 ಹಲ್ಲು, ಹೊರ ತುದಿಯಲ್ಲಿ 44. ಒಳಗೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ. ಹೊರಗೆ ಒಂದು ಹಲ್ಲು ಎದುರು ದಿಕ್ಕಿಗೆ ಸರಿಸಿದರೆ 8 ಡಿಗ್ರಿ ಚಿಲ್ಲರೆ. ಉಳಿಯುವ ವ್ಯತ್ಯಾಸ ಒಂದು ಡಿಗ್ರಿಗೂ ಕಡಿಮೆ, ಅಷ್ಟು ಸೂಕ್ಷ್ಮವಾಗಿ ಎತ್ತರ ಹೊಂದಿಸಬಹುದು. ಆದರೆ ಆ ಬಾರಿನಲ್ಲಿ ಮನುಷ್ಯನ ಮೂಳೆ ಮುರಿಯುವಷ್ಟು ಬಲ ಅಡಗಿರುತ್ತದೆ. ಕಾಯಿಲ್ ಸ್ಪ್ರಿಂಗ್ ಕೂಡ ಹಾಗೆಯೇ. ಸರಿಯಾದ ಉಪಕರಣ ಇಲ್ಲದಿದ್ದರೆ ಆ ಭಾಗವನ್ನು ಮೆಕ್ಯಾನಿಕ್‌ಗೆ ಬಿಡಿ. ಕುಸಿದ ಲೀಫ್ ಸ್ಪ್ರಿಂಗ್ ಕೂಡ ಮನೆಯ ಕೆಲಸವಲ್ಲ.

ಕ್ಯಾಂಬರ್‌ಗೆ ತೂಗುಗುಂಡು ಸಾಕು. ದಾರ ಇಳಿಬಿಟ್ಟು ರಿಮ್ಮಿನ ಮೇಲಂಚು, ಕೆಳಂಚು ದಾರದಿಂದ ಎಷ್ಟು ದೂರ ಅಂತ ನೋಡಿ. 13 ಇಂಚಿನ ರಿಮ್‌ನಲ್ಲಿ ಸುಮಾರು 6 ಮಿ.ಮೀ. ವ್ಯತ್ಯಾಸ ಅಂದರೆ ಒಂದು ಡಿಗ್ರಿ. ಎಷ್ಟೋ ಹಳೇ ಕಾರುಗಳಲ್ಲಿ ಇದನ್ನು ತಿದ್ದುವ ಏರ್ಪಾಡೇ ಇರುವುದಿಲ್ಲ. ಎಡಕ್ಕೂ ಬಲಕ್ಕೂ ಜಾಸ್ತಿ ವ್ಯತ್ಯಾಸ ಕಂಡರೆ ಏನೋ ಬಗ್ಗಿದೆ ಅಂತಲೇ ತಿಳಿಯಿರಿ.

ಈಗ ಟೋ. ಮುಂದಿನ ಒಂದೊಂದು ಚಕ್ರದಡಿಗೂ ಎರಡು ತಗಡು, ನಡುವೆ ಗ್ರೀಸ್. ಚಕ್ರ ಸಲೀಸಾಗಿ ಜಾರಬೇಕು. ಸ್ಟೀರಿಂಗ್ ನೇರ ಮಾಡಿ ಕಟ್ಟಿಹಾಕಿ. ಕಾರಿನ ಎರಡೂ ಬದಿಗೆ, ಚಕ್ರದ ನಡುವಿನ ಎತ್ತರದಲ್ಲಿ, ದಾರ ಬಿಗಿಯಾಗಿ ಎಳೆಯಿರಿ. ಮುಂದಿನ ಎರಡು ಹಬ್‌ಗಳಿಂದ (ಚಕ್ರದ ನಡುಭಾಗ) ದಾರಕ್ಕೆ ದೂರ ಎಡಬಲ ಒಂದೇ ಇರಬೇಕು, ಹಿಂದಿನವಕ್ಕೂ ಹಾಗೆಯೇ. ಎಡಬಲ ಚಕ್ರಗಳ ನಡುವಿನ ಅಂತರ ಹಿಂದೆ ಒಂದು, ಮುಂದೆ ಒಂದು ಇರಬಹುದು. ಎರಡು ದಾರಗಳ ನಡುವಿನ ಅಂತರ ಮಾತ್ರ ಹಿಂದೆ ಮುಂದೆ ಒಂದೇ ಇರಲಿ.

ರಿಮ್ಮಿನ ಮುಂದಿನ ಅಂಚು ದಾರದಿಂದ ದೂರ ಇದ್ದರೆ ಟೋ-ಇನ್, ಹತ್ತಿರ ಇದ್ದರೆ ಟೋ-ಔಟ್. ಹಿಂದಿನ ಚಕ್ರ ಓಡಿಸುವ ಹಳೇ ಕಾರುಗಳಿಗೆ ಸಾಮಾನ್ಯವಾಗಿ ಸ್ವಲ್ಪ ಟೋ-ಇನ್ ಬೇಕು. ಮುಂದಿನ ಚಕ್ರ ಓಡಿಸುವ ಹಳೇ ಮಿನಿಗೆ ಉಲ್ಟಾ, ಮುಂದೆ ಒಟ್ಟು 1.6 ಮಿ.ಮೀ. ಟೋ-ಔಟ್. ನಿಮ್ಮ ಕಾರಿನ ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಆದರೆ ಆ ಅಂಕಿ ಹಳೇ ಬಗೆಯ ಕ್ರಾಸ್‌ಪ್ಲೈ (ಒಳಗಿನ ಎಳೆಗಳು ಓರೆಯಾಗಿ ಹಾದಿರುವ) ಟೈರಿಗೆ ಬರೆದದ್ದಾಗಿದ್ದು ನೀವು ರೇಡಿಯಲ್ ಹಾಕಿದ್ದರೆ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಸಾಕು. ರಿಮ್ ಸೊಟ್ಟ ಇರಬಹುದು. ಚಕ್ರವನ್ನು ಅರ್ಧ ಸುತ್ತು ಉರುಳಿಸಿ, ಕಾರನ್ನು ಮತ್ತೆ ನೇರ ನಿಲ್ಲಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆದುಕೊಳ್ಳಿ.

ಎರಡೂ ಬದಿಯ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಿ, ಸುತ್ತು ಎಣಿಸಿ. ಓಡಿಸಿ ನೋಡಿದಾಗ ಕಾರು ನೇರ ಹೋಗಿ ಸ್ಟೀರಿಂಗ್ ಮಾತ್ರ ಸೊಟ್ಟ ಕಂಡರೆ, ಒಂದು ಕಡೆ ಎಷ್ಟು ಗಿಡ್ಡ ಮಾಡುತ್ತೀರೋ ಇನ್ನೊಂದು ಕಡೆ ಅಷ್ಟೇ ಉದ್ದ ಮಾಡಿ. ಲಾಕ್‌ನಟ್ ಬಿಗಿಯುವಾಗ ರಾಡ್ ಕಳ್ಳನಂತೆ ಒಂದಿಷ್ಟು ತಿರುಗಿಬಿಡುತ್ತದೆ. ಬಿಗಿದ ಮೇಲೆ ಇನ್ನೊಂದು ಸಲ ಅಳೆದೇ ದಾರ ಬಿಚ್ಚಿ.