ಚೀಟಿ ಕೊಟ್ಟು ಕಳಿಸಿದರೆ ಯಾರೂ ಹೋಗುವುದಿಲ್ಲ

"ಸಂಶೋಧನೆ ಗಿಂಶೋಧನೆ ಟಾಟಾದವರು ಮಾಡ್ತಾರ್ರೀ, ನೀವು ಕ್ಯಾಂಪ್ ಮಾಡ್ರಿ ಸಾಕು" ಅಂತ, ಕ್ಯಾನ್ಸರ್ ತಪಾಸಣೆ ಬಗ್ಗೆ ನಾವೂ ಒಂದು ಅಧ್ಯಯನ ಮಾಡ್ತೀವಿ ಅಂದಾಗ ಹಿರಿಯರೊಬ್ಬರು ಮೀಟಿಂಗಿನಲ್ಲೇ ನಕ್ಕಿದ್ದರು. ಪೂರ್ತಿ ಸುಳ್ಳೇನಲ್ಲ. ಮುಂಬೈ ಕೊಳೆಗೇರಿಗಳಲ್ಲಿ ಹತ್ತನೇ ಕ್ಲಾಸ್ ಓದಿದ ಹೆಣ್ಣುಮಕ್ಕಳು ವಯಾ (ಗರ್ಭಕೋಶದ ಬಾಯಿಗೆ ವಿನೆಗರಿನಂಥ ಆಮ್ಲ ಹಚ್ಚಿ ಕಣ್ಣಿಂದಲೇ ನೋಡುವ ತಪಾಸಣೆ) ಮಾಡಿಯೇ ಗರ್ಭಕೋಶದ ಬಾಯಿ ಕ್ಯಾನ್ಸರಿನ ಸಾವು 31% ಇಳಿಸಿದ್ದು ಟಾಟಾ ಆಸ್ಪತ್ರೆಯ ಅಧ್ಯಯನದಲ್ಲೇ. ನಮ್ಮ ಆಳಂದದಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ್). ಅಲ್ಲೂ ಲಕ್ಷಕ್ಕೂ ಜಾಸ್ತಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು, ಈ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಅಧ್ಯಯನ ಆಗಿತ್ತು. 2016ರಲ್ಲಿ ಕ್ಯಾನ್ಸರ್ ತಪಾಸಣೆಗೆ ಕೇಂದ್ರದ ಮಾರ್ಗಸೂಚಿಯೂ ಬಂತು. ಆದರೆ ಪಾಸಿಟಿವ್ ಬಂದವಳು ಕಲಬುರಗಿ ಆಸ್ಪತ್ರೆ ಮುಟ್ಟುತ್ತಾಳಾ? ನಮಗೆ ಬೇಕಿದ್ದದ್ದು ಅಷ್ಟೇ.

ಹನ್ನೆರಡು ಹಳ್ಳಿ ತಗೊಂಡು, ಚೀಟಿ ಎತ್ತಿ ಆರಾರು ಮಾಡಿದೆವು. ಆರರಲ್ಲಿ ಎಂದಿನ ರೆಫರಲ್ ಚೀಟಿ. ಇನ್ನಾರರಲ್ಲಿ ಆಶಾ ಜೊತೆಗೇ ಹೋಗಬೇಕು; ಊಟ, ಆ ದಿನದ ಕೂಲಿ ನಮ್ಮದು.

ಮೊದಲ ಸುತ್ತು ಪೂರ್ತಿ ಹಾಳು. ಅಮಾವಾಸ್ಯೆ ದಿನ ಹೊಲದ ಕೆಲಸ ಇರಲ್ಲ ಅಂತ ಜಾಣತನದಿಂದ ದಿನಾಂಕ ಇಟ್ಟೆ. ಅದು ಎಳ್ಳ ಅಮಾವಾಸ್ಯೆ! ಊರಿಗೆ ಊರೇ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಜೀಪು, ಟೇಬಲ್ಲು, ಪರದೆ ಎಲ್ಲ ಸೇರಿ ಒಂಬತ್ತು ಸಾವಿರ ನೀರಿಗೆ. ಹೊಲದಲ್ಲಿ ಕರೆದು ಊಟ ಹಾಕಿದರು, ಅದೊಂದೇ ಲಾಭ. ಆಮೇಲೆ ತೊಗರಿ ರಾಶಿ ಮುಗಿಯುವ ತನಕ ಸುಮ್ನೆ ಕೂತೆವು.

ಎರಡನೇ ತಪ್ಪು ಲೆಕ್ಕದ್ದು. ಮೂವತ್ತು ದಾಟಿದ ಎಲ್ಲರನ್ನೂ ಪಟ್ಟಿಗೆ ಹಾಕಿದ್ದೆವು. ತಾಂಡಾಗಳಲ್ಲಿ ಗರ್ಭಚೀಲ ತೆಗೆಸಿಕೊಂಡವರು ಎಷ್ಟು ಜನ ಅಂತ ನಿಮಗೂ ಗೊತ್ತಲ್ವಾ? ಅವರಿಗೆ ವಯಾ ಎಲ್ಲಿಂದ ಮಾಡೋದು? ಪಟ್ಟಿ ಮತ್ತೆ ಮಾಡಬೇಕಾಯಿತು, ಎರಡು ತಿಂಗಳು ಹೋಯಿತು. ಆದರೆ ಕಾರಣ ಸಿಕ್ಕಿದ್ದು ಅಲ್ಲೇ. ಶಕ್ತಿ ಯೋಜನೆ ಬಂದು ಬಸ್ಸು ಫ್ರೀ ಆದ ಮೇಲೂ ಚೀಟಿ ಹಳ್ಳಿಗಳ ಹೆಚ್ಚಿನವರು ಹೋಗಲಿಲ್ಲ. ಒಬ್ಬ ಅಜ್ಜಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲಕ್ಕೆ ತುರುಕುತ್ತಾ, "ಅಲ್ಲಿ ಹೋದ್ರ ಚೀಲಾ ತೆಗಿತಾರವ್ವಾ, ನಮ್ಮ ಸೊಸಿದು ತೆಗದಾರ" ಅಂದಳು. ಬಸ್ ಚಾರ್ಜಿನ ಮಾತೇ ಬರಲಿಲ್ಲ.

ನೆನಪಿನಿಂದ ಹೇಳುತ್ತಿದ್ದೇನೆ: ಪಾಸಿಟಿವ್ ಎರಡೂ ಕಡೆ ನಲವತ್ತರ ಆಸುಪಾಸು. ಚೀಟಿ ಕೊಟ್ಟಲ್ಲಿಂದ ಹನ್ನೊಂದೋ ಹನ್ನೆರಡೋ ಜನ ಹೋದರು. ಆಶಾ ಜೊತೆಗೆ ಹೋದಲ್ಲಿ ಮೂವತ್ತಾರು. ಹೊರಡುವ ಮುಂಚೆ ಮನೆಯ ಅತ್ತೆಗೆ ನಮ್ಮ ಆಶಾ ಒಂದು ಮಾತು ಹೇಳುತ್ತಾಳೆ. ಅದನ್ನು ಇಲ್ಲಿ ಬರೆಯಲ್ಲ, ಬಂದು ಕೇಳಿ.

ನಡುವೆ ಬಾಯಿ ಕ್ಯಾನ್ಸರಿನ ಲಕ್ಷಣಕ್ಕೆ ಗಂಡಸರ ಬಾಯಿ ನೋಡಲು ಕಟಿಂಗ್ ಅಂಗಡಿಯಲ್ಲೂ ಕೂತಿದ್ದೆ. ಕುರ್ಚಿ ಇದೆ, ಲೈಟಿದೆ, ಕನ್ನಡಿಯೂ ಇದೆ. ಗುಟ್ಕಾ ಇಟ್ಟುಕೊಳ್ಳುವ ಕೆನ್ನೆಯ ಬಿಳಿ ಮಚ್ಚೆ ತಾನೇ ಕಂಡವನಿಗೆ ಭಾಷಣ ಬೇಕಿಲ್ಲ. ನಾಲ್ಕು ಭಾನುವಾರ ಚೆನ್ನಾಗಿ ನಡೆಯಿತು. ಗಿರಾಕಿ ಕಮ್ಮಿ ಆಗ್ತಾರೆ ಅಂತ ಅಂಗಡಿಯವ ಕೈ ಮುಗಿದ.

ಅಧ್ಯಯನದ ಒಟ್ಟು ಖರ್ಚು ಎರಡೂವರೆ ಲಕ್ಷದ ಹತ್ತಿರ. ನಲವತ್ತು ಪುಟದ ವರದಿಯನ್ನು ಯಾರೂ ತೆರೆಯಲಿಲ್ಲ. ಒಂದೇ ಹಾಳೆ ಮಾಡಿ, ಬರೀ ಊಟ, ಕೂಲಿ ಲೆಕ್ಕದಲ್ಲಿ ಒಬ್ಬಳನ್ನು ಆಸ್ಪತ್ರೆ ಮುಟ್ಟಿಸಲು ಏಳುನೂರು ರೂಪಾಯಿ ಅಂತ ಮೇಲೆ ದಪ್ಪಗೆ ಬರೆದೆ. ಅದನ್ನು ಓದಿದರು. ಜಿಲ್ಲೆಯ ಪಿಐಪಿಯಲ್ಲಿ (ಆರೋಗ್ಯ ಯೋಜನೆಗೆ ದುಡ್ಡು ಕೇಳುವ ಪಟ್ಟಿ) ಜೊತೆಗೆ ಹೋಗುವ ಆಶಾಗೆ ದುಡ್ಡು ಅಂತ ಒಂದು ಸಾಲು ಸೇರಿತು. ಬೆಂಗಳೂರು ದಾಟಿ ದೆಹಲಿಗೆ ಹೋಗಿ ಮಂಜೂರಾತಿ ಪತ್ರ, ಅಂದರೆ ಆರ್‌ಒಪಿ ಬರುವಾಗ ಮೊತ್ತ ಅರ್ಧ ಆಗಿತ್ತು, ಸಾಲು ಮಾತ್ರ ಉಳಿದಿತ್ತು.

ನಕ್ಕಿದ್ದ ಹಿರಿಯರು ಮೊನ್ನೆ ಫೋನ್ ಮಾಡಿ, ನಿಮ್ಮ ರಿಜಿಸ್ಟರಿನ ಕಾಲಮ್‌ಗಳನ್ನು ಕಳಿಸ್ರಿ ಅಂದರು. ಕಳಿಸಿದೆ. ಒಂದು ಕಾಲಮ್ ಬಿಟ್ಟು.