ಗೋಧಿ ಬಿಸಿಲಿಗೆ ಸಿಕ್ಕಿತ್ತಾ? ಮನೆಯಲ್ಲೇ ನೋಡಿ

ನಮ್ಮ ಕೊಡಗು ಅಕ್ಕಿ ರೊಟ್ಟಿ, ಕಡಂಬುಟ್ಟಿನ ಊರು, ಗೋಧಿ ಹೊರಗಿನಿಂದಲೇ ಬರಬೇಕು. ಆದರೂ ಚಪಾತಿ ಹಿಟ್ಟು ಒಮ್ಮೊಮ್ಮೆ ಯಾಕೆ ಕೈಕೊಡುತ್ತದೆ ಅಂತ ಗೊತ್ತಿರಬೇಕು ಅಲ್ವಾ?

ಕಾಳು ಕಟ್ಟುವಾಗ ಬಿಸಿಲು 35 ಡಿಗ್ರಿ ದಾಟಿದರೆ, ಇಲ್ಲವೇ ನೀರು ಸಾಲದಿದ್ದರೆ, ಪಿಷ್ಟ ಪೂರ್ತಿ ತುಂಬದೆ ಕಾಳು ಸುಕ್ಕಾಗುತ್ತದೆ. 2022ರ ಮಾರ್ಚ್ ಬಿಸಿಲಿಗೆ ಪಂಜಾಬ್, ಹರಿಯಾಣದಲ್ಲಿ ಆಗಿದ್ದು ಇದೇ. ಪಿಷ್ಟ ಕಡಿಮೆಯಾದಾಗ ಪ್ರೋಟೀನ್ ಶೇಕಡಾ ಲೆಕ್ಕದಲ್ಲಿ ಜಾಸ್ತಿ ಕಾಣುತ್ತದೆ, ಅದಕ್ಕೆ ಮರುಳಾಗಬೇಡಿ. ಗೋಧಿಯ ಪ್ರೋಟೀನ್‌ಗಳಲ್ಲಿ ಎರಡು ಮುಖ್ಯ: ಹಿಟ್ಟಿಗೆ ಬಿಗಿ ಕೊಡುವುದು ಗ್ಲುಟೆನಿನ್, ಎಳೆದರೆ ಹಿಗ್ಗುವಂತೆ ಮಾಡುವುದು ಗ್ಲಯಾಡಿನ್. ಸೆಕೆ ಮಿತಿಮೀರಿದರೆ ಗ್ಲುಟೆನಿನ್‌ನ ಉದ್ದ ಸರಪಳಿಗಳು ಸರಿಯಾಗಿ ಕಟ್ಟಿಕೊಳ್ಳದೆ ಗ್ಲಯಾಡಿನ್ ಪಾಲು ಮೇಲಾಗುತ್ತದೆ, ಹಿಟ್ಟು ಸಡಿಲ.

ಈಗ ಪರೀಕ್ಷೆ. ಮೊದಲು ಕಾಳು ಕೊಂಡರೆ ಅಂಗೈಯಲ್ಲಿ ಹಾಕಿ ನೋಡಿ, ಸಣ್ಣದು, ಸುಕ್ಕಾದದ್ದು ಜಾಸ್ತಿ ಇದ್ದರೆ ಅನುಮಾನ ಪಡಿ. ಆಮೇಲೆ ಒಂದು ಹಿಡಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೀರಲ್ಲಿ ಮುಳುಗಿಸಿಟ್ಟು, ಬಟ್ಟಲಲ್ಲಿ ಮೆಲ್ಲಗೆ ಹಿಸುಕುತ್ತಾ ಬಿಳಿ ನೀರು ಹೋಗುವವರೆಗೆ ತೊಳೆಯಿರಿ. ಉಳಿಯುವ ರಬ್ಬರಿನಂಥ ಮುದ್ದೆಯೇ ಗ್ಲುಟೆನ್, ಅಂದರೆ ಆ ಎರಡು ಪ್ರೋಟೀನ್ ಸೇರಿ ಆದದ್ದು (ತೌಡೂ ಒಂದಿಷ್ಟು ಅಂಟಿರುತ್ತದೆ, ಪರವಾಗಿಲ್ಲ). ಎಳೆದು ಬಿಟ್ಟಾಗ ಹಿಂದಕ್ಕೆ ಬಂದರೆ ಚೆನ್ನಾಗಿದೆ. ಸುಮ್ನೆ ಜೋತುಬಿದ್ದರೆ ಅಥವಾ ಪಟ್ಟನೆ ಹರಿದರೆ ದುರ್ಬಲ.

ಅಂಥ ಹಿಟ್ಟಿಗೆ ನೀರು ಸ್ವಲ್ಪ ಸ್ವಲ್ಪವೇ ಹಾಕಿ, ಜಾಸ್ತಿ ನಾದಬೇಡಿ, ಒಳ್ಳೆ ಹಿಟ್ಟು ಅರ್ಧ ಬೆರೆಸಿ. ಬ್ರೆಡ್ ಮಾಡುವ ಆಸೆ ಬಿಡಿ, ಚಪಾತಿಗೆ ಸಾಕು.