ಬಿಲ್ ಓದಿ, ಚಿಲ್ಲರೆ ಎಣಿಸಿ, ಆಮೇಲೆ ಕೌಂಟರ್ ಬಿಡಿ

ತಿಂಗಳ ದಿನಸಿಗೆ ಹೋದರೆ ಮೊಳದುದ್ದ ಬಿಲ್ ಬರುತ್ತದೆ. ಹಿಂದೆ ಜನ ಸಾಲಾಗಿ ನಿಂತಿರುತ್ತಾರೆ. ಕೊನೆಯ ಮೊತ್ತ ನೋಡಿ, ದುಡ್ಡು ಕೊಟ್ಟು, ಬಿಲ್ಲನ್ನು ಚೀಲಕ್ಕೆ ತುರುಕಿ ಹೊರಡುತ್ತೇವೆ. ಲೆಕ್ಕ ಕೂಡುತ್ತಿಲ್ಲ ಎಂದು ಗೊತ್ತಾಗುವುದು ಮನೆಗೆ ಬಂದ ಮೇಲೆ. ಹತ್ತಿಪ್ಪತ್ತು ರೂಪಾಯಿಗೆ ಮತ್ತೆ ಅಂಗಡಿಗೆ ಹೋಗಲು ಸಂಕೋಚ. ಈ ಸಂಕೋಚ ಬೇಡ. ನಿಮ್ಮ ದುಡ್ಡು ಕೇಳುವುದು ಜಗಳವಲ್ಲ. ಆದರೆ ಏನು ಕೇಳಬೇಕು, ಎಲ್ಲಿ ನೋಡಬೇಕು ಎಂಬುದು ತಿಳಿದಿದ್ದರೆ ಕೌಂಟರಿನಲ್ಲೇ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಮೊದಲು ಎಣಿಕೆ

ಬಿಲ್ಲಿನ ಕೆಳಗೆ ‘ಐಟಂ’ ಮತ್ತು ‘ಕ್ವಾಂಟಿಟಿ’ ಎಂದು ಎರಡು ಅಂಕಿಗಳು ಇರುತ್ತವೆ. ಐಟಂ ಅಂದರೆ ಎಷ್ಟು ಬಗೆಯ ಸಾಮಾನು ಎಂಬುದು. ಕ್ವಾಂಟಿಟಿ ಅಂದರೆ ಒಟ್ಟು ಎಷ್ಟು ಎಂಬುದು. ಒಂದೇ ಬಗೆಯ ನಾಲ್ಕು ಸೋಪು, ಒಂದು ಬಿಸ್ಕತ್ತು ಕೊಂಡರೆ ಐಟಂ 2, ಕ್ವಾಂಟಿಟಿ 5. ಎಷ್ಟೋ ಅಂಗಡಿಗಳ ಬಿಲ್ಲಿನಲ್ಲಿ ತರಕಾರಿಯ ತೂಕವನ್ನೂ ಇದಕ್ಕೇ ಕೂಡುತ್ತಾರೆ. ಹಾಗಾಗಿ 17.785 ಎಂಬಂಥ ವಿಚಿತ್ರ ಅಂಕಿ ಕಂಡರೆ ಗಾಬರಿ ಬೇಡ. ಅದರಲ್ಲಿ 785 ಗ್ರಾಂ ಬದನೆಕಾಯಿ ಸೇರಿರುತ್ತದೆ.

ಒಂದೇ ಸಾಮಾನು ಎರಡು ಸಲ ಸ್ಕ್ಯಾನ್ ಆಗುವುದು ತೀರಾ ಸಾಮಾನ್ಯ ತಪ್ಪು. ಬೀಪ್ ಸದ್ದು ಕೇಳಿಸದಿದ್ದರೆ ಕ್ಯಾಷಿಯರ್ ಇನ್ನೊಮ್ಮೆ ತೋರಿಸುತ್ತಾರೆ. ಬಿಲ್ಲಿನಲ್ಲಿ ಒಂದೇ ಹೆಸರು ಎರಡು ಕಡೆ ಬಂದಿದೆಯೇ, ಒಂದರ ಮುಂದೆ 2 ಎಂದು ಬಿದ್ದಿದೆಯೇ ಎಂದು ಕಣ್ಣಾಡಿಸಿ.

ತೂಕದ ಸಾಮಾನು

ಬಾರ್‌ಕೋಡ್ ಇಲ್ಲದ ಹಣ್ಣು, ತರಕಾರಿ, ಬಿಡಿ ಬೇಳೆಗೆ ತೂಗುವವರು ಕೈಯಿಂದ ಕೋಡ್ ಒತ್ತಬೇಕು. ಏಲಕ್ಕಿ ಬಾಳೆಗೂ ಪಚ್ಚಬಾಳೆಗೂ ಕೋಡ್ ಬೇರೆ, ದರವೂ ಬೇರೆ. ನಾಟಿ ಟೊಮೆಟೊ, ಹೈಬ್ರಿಡ್ ಟೊಮೆಟೊ ಕತೆಯೂ ಅದೇ. ಬೆರಳು ಒಂದು ಗುಂಡಿ ಆಚೆ ಹೋದರೆ ಬಿಲ್ ಬದಲಾಯಿತು. ಸ್ಟಿಕ್ಕರ್ ಮೇಲಿನ ಹೆಸರನ್ನು ಅಲ್ಲೇ ಓದಿಕೊಳ್ಳಿ. ತೂಗುವ ಮುಂಚೆ ಯಂತ್ರ ಸೊನ್ನೆ ತೋರಿಸುತ್ತಿದೆಯೇ, ಡಬ್ಬಿ ಅಥವಾ ತಟ್ಟೆಯ ತೂಕ ಕಳೆದಿದ್ದಾರೆಯೇ ಎಂದು ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು.

ಬೆಲೆ ಬೇರೆ ಬಿದ್ದಿದ್ದರೆ

ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಆಫರ್ ನಿನ್ನೆಗೆ ಮುಗಿದಿದ್ದು, ಚೀಟಿ ತೆಗೆಯಲು ಮರೆತಿರಬಹುದು. ಇನ್ನೊಂದು ಕಾರಣವೂ ಇದೆ. ಒಂದೇ ಬಾರ್‌ಕೋಡಿನ ಹಳೆ ಸ್ಟಾಕ್ ಮತ್ತು ಹೊಸ ಸ್ಟಾಕ್‌ಗೆ ಎಂಆರ್‌ಪಿ ಬೇರೆ ಇದ್ದಾಗ ಪರದೆಯ ಮೇಲೆ ಎರಡೂ ಬೆಲೆ ಮೂಡುತ್ತದೆ. ಅದರಲ್ಲಿ ಒಂದನ್ನು ಕ್ಯಾಷಿಯರ್ ಆರಿಸಬೇಕು. ಅವಸರದಲ್ಲಿ ತಪ್ಪಾದದ್ದು ಆರಿಸಿಬಿಡುತ್ತಾರೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದ ಮೇಲೆ ಹಳೆ ಪೊಟ್ಟಣಗಳಿಗೆ ಹೊಸ ಬೆಲೆಯ ಸ್ಟಿಕ್ಕರ್ ಬಂದು ಈ ಗೊಂದಲ ಇನ್ನೂ ಜಾಸ್ತಿಯಾಯಿತು. ನಿಮ್ಮ ಕೈಯಲ್ಲಿರುವ ಪೊಟ್ಟಣವನ್ನೇ ತೋರಿಸಿ, ‘ಇದರ ಮೇಲೆ ಇಷ್ಟು ಇದೆ, ಬಿಲ್ಲಲ್ಲಿ ಇಷ್ಟು ಬಿದ್ದಿದೆ, ಸ್ವಲ್ಪ ನೋಡ್ತೀರಾ’ ಅಂದರೆ ಸಾಕು. ಎಂಆರ್‌ಪಿಗಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ತೆಗೆದುಕೊಳ್ಳುವಂತಿಲ್ಲ.

ಜಿಎಸ್‌ಟಿ ಎಂಬ ಗೊಂದಲ

ಹೆಚ್ಚು ಜನ ಎಡವುವುದು ಇಲ್ಲೇ. ಬಿಲ್ಲಿನ ಕೆಳಗೆ ಸಿಜಿಎಸ್‌ಟಿ ಇಷ್ಟು, ಎಸ್‌ಜಿಎಸ್‌ಟಿ ಇಷ್ಟು ಎಂಬ ಸಣ್ಣ ಪಟ್ಟಿ ಇರುತ್ತದೆ. ಅದನ್ನು ನೋಡಿ, ‘ಎಂಆರ್‌ಪಿ ಮೇಲೆ ಮತ್ತೆ ತೆರಿಗೆ ಹಾಕಿದ್ದಾರೆ’ ಎಂದು ಸಿಟ್ಟಾಗುವವರಿದ್ದಾರೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಪಟ್ಟಿಯಲ್ಲಿ ತೋರಿಸುವುದು ಒಳಗೇ ಇರುವ ತೆರಿಗೆಯನ್ನು ಬಿಡಿಸಿ. 236 ರೂಪಾಯಿಯ ಸಾಮಾನಿಗೆ ಶೇ 18 ತೆರಿಗೆ ಇದ್ದರೆ, ಮೂಲ ಬೆಲೆ 200, ಕೇಂದ್ರಕ್ಕೆ 18, ರಾಜ್ಯಕ್ಕೆ 18. ಮೂರೂ ಸೇರಿ 236.

ಪರೀಕ್ಷೆ ಸುಲಭ. ಸಾಮಾನುಗಳ ಸಾಲಿನಲ್ಲಿರುವ ಮೊತ್ತಗಳನ್ನು ಮೊಬೈಲಿನಲ್ಲಿ ಕೂಡಿ. ಅದು ನೀವು ಕೊಡಬೇಕಾದ ಮೊತ್ತಕ್ಕೆ ಸರಿಹೊಂದಿದರೆ ತೆರಿಗೆ ಒಳಗೇ ಇದೆ. ಪೊಟ್ಟಣದ ಎಂಆರ್‌ಪಿಗಳನ್ನು ಕೂಡಿ, ಅದರ ಮೇಲೆ ತೆರಿಗೆ ಸೇರಿಸಿದ್ದರೆ ಅದು ತಪ್ಪು. ಕೇಳಲೇಬೇಕು.

ಹೋಟೆಲಿನ ಲೆಕ್ಕ ಬೇರೆ. ದೋಸೆಗೆ ಎಂಆರ್‌ಪಿ ಇಲ್ಲ. ಹಾಗಾಗಿ ಮೆನು ಬೆಲೆಯ ಮೇಲೆ ಶೇ 5 ಸೇರಿಸಬಹುದು. ಆದರೆ ತೆರಿಗೆ ಹಾಕಿದ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಬೇಕು. ಅದು 15 ಅಕ್ಷರ ಮತ್ತು ಅಂಕಿಗಳದ್ದು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆಯನ್ನು ತಾವೇ ಕಟ್ಟುವ ‘ಕಾಂಪೊಸಿಷನ್’ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳು ಗ್ರಾಹಕರಿಂದ ತೆರಿಗೆ ತೆಗೆದುಕೊಳ್ಳುವಂತೆಯೇ ಇಲ್ಲ, ತೆಗೆದುಕೊಳ್ಳುವಂತಿಲ್ಲ ಎಂಬುದನ್ನು ಬಿಲ್ಲಿನ ಮೇಲೆ ಬರೆಯಲೂಬೇಕು. ಇನ್ನು ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಬೇಡ ಅಂದರೆ ತೆಗೆಯಬೇಕು.

ಕೈಚೀಲ, ದೇಣಿಗೆ ಎಂದು ಐದು, ಹತ್ತು ರೂಪಾಯಿ ಸೇರಿದೆಯೇ ಎಂದೂ ನೋಡಿ. ನೀವು ಒಪ್ಪಿಲ್ಲ ಅಂದರೆ ತೆಗೆಸಿ.

ಪೈಸೆ ಎಲ್ಲಿ ಹೋಯಿತು?

437.62 ರೂಪಾಯಿ 438 ಆಗುತ್ತದೆ. ಬಿಲ್ಲಿನಲ್ಲಿ ‘ರೌಂಡ್ ಆಫ್ 0.38’ ಎಂದು ಇರುತ್ತದೆ. 437.30 ಇದ್ದರೆ 437ಕ್ಕೆ ಇಳಿಯಬೇಕು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಮೂವತ್ತು ಪೈಸೆ ಕೊಡಲು ನಾಣ್ಯವೇ ಇಲ್ಲ. ಹಾಗಾಗಿ ಈ ವ್ಯವಸ್ಥೆ ನ್ಯಾಯವೇ. ಆದರೆ ಒಂದೇ ಅಂಗಡಿಯ ಬಿಲ್ಲುಗಳಲ್ಲಿ ರೌಂಡ್ ಆಫ್ ಯಾವಾಗಲೂ ಮೇಲಕ್ಕೇ ಹೋಗುತ್ತಿದ್ದರೆ ಮ್ಯಾನೇಜರ್ ಹತ್ತಿರ ಕೇಳಿ.

ಈಗ ಗಲ್ಲಾಪೆಟ್ಟಿಗೆಯ ಹತ್ತಿರ

438ರ ಬಿಲ್ಲಿಗೆ ನೀವು 500 ಕೊಡುತ್ತೀರಿ. ಕ್ಯಾಷಿಯರ್ 500 ಎಂದು ಒತ್ತಿದ ಕೂಡಲೇ ಪರದೆ ‘62 ವಾಪಸ್’ ಎನ್ನುತ್ತದೆ. ಅಷ್ಟರಲ್ಲಿ ನಿಮಗೆ ನೆನಪಾಗುತ್ತದೆ, ‘ತಾಳಿ, 38 ಇದೆ’ ಎನ್ನುತ್ತೀರಿ. ಈಗ ಪರದೆಯ ಅಂಕಿ ಉಪಯೋಗಕ್ಕೆ ಬರುವುದಿಲ್ಲ, ಅವರು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ಚಿಲ್ಲರೆ ತಪ್ಪುವುದು ಬಹುತೇಕ ಈ ಗಳಿಗೆಯಲ್ಲಿ. ಆದ್ದರಿಂದ 538 ಒಟ್ಟಿಗೇ ಕೊಡಿ, ‘ಐನೂರ ಮೂವತ್ತೆಂಟು ಇದೆ’ ಎಂದು ಬಾಯಿಬಿಟ್ಟು ಹೇಳಿ. ನೂರರ ನೋಟು ಒಂದೇ ಬರುತ್ತದೆ.

ಪಳಗಿದ ಕ್ಯಾಷಿಯರ್ ನಿಮ್ಮ ನೋಟನ್ನು ತಕ್ಷಣ ಗಲ್ಲಾಪೆಟ್ಟಿಗೆಗೆ ಹಾಕುವುದಿಲ್ಲ. ಚಿಲ್ಲರೆ ಕೊಟ್ಟು ಮುಗಿಯುವವರೆಗೂ ಎದುರಿಗೇ ಇಡುತ್ತಾರೆ. ‘ನಾನು ಕೊಟ್ಟಿದ್ದು ಐನೂರು’, ‘ಇಲ್ಲ, ಇನ್ನೂರು’ ಎಂಬ ವಾದ ಆಗ ಹುಟ್ಟುವುದಿಲ್ಲ. ಕಿರಾಣಿ ಅಂಗಡಿಯ ಹಿರಿಯರು ಕಳೆಯುವ ಲೆಕ್ಕಕ್ಕೇ ಹೋಗುವುದಿಲ್ಲ, ಕೂಡುತ್ತಾ ಹೋಗುತ್ತಾರೆ. ಎರಡು ಕೊಟ್ಟು ‘ನಾನೂರ ನಲವತ್ತು’, ಹತ್ತು ಕೊಟ್ಟು ‘ನಾನೂರ ಐವತ್ತು’, ಐವತ್ತು ಕೊಟ್ಟು ‘ಐನೂರು’. ನೀವೂ ಹೀಗೇ ಎಣಿಸಿಕೊಳ್ಳಿ. ಇದರಷ್ಟು ಗಟ್ಟಿಯಾದ ಲೆಕ್ಕ ಬೇರೆ ಇಲ್ಲ.

ಹೆಚ್ಚು ಬಂದಿದ್ದರೆ ದಯವಿಟ್ಟು ವಾಪಸ್ ಕೊಡಿ. ರಾತ್ರಿ ಗಲ್ಲಾಪೆಟ್ಟಿಗೆಯ ದುಡ್ಡನ್ನೂ ಮಾರಾಟದ ಲೆಕ್ಕವನ್ನೂ ತಾಳೆ ನೋಡುತ್ತಾರೆ. ಕಮ್ಮಿ ಬಿದ್ದದ್ದನ್ನು ಎಷ್ಟೋ ಕಡೆ ಆ ಹುಡುಗಿಯ ಅಥವಾ ಹುಡುಗನ ಸಂಬಳದಿಂದಲೇ ಹಿಡಿಯುತ್ತಾರೆ.

ಈ ತಾಳೆ ನಿಮ್ಮ ಸಹಾಯಕ್ಕೂ ಬರುತ್ತದೆ. ಕಡಿಮೆ ಚಿಲ್ಲರೆ ಬಂದದ್ದು ಮನೆಯಲ್ಲಿ ಗೊತ್ತಾದರೆ ಕೂಡಲೇ ಅಂಗಡಿಗೆ ಫೋನ್ ಮಾಡಿ. ಬಿಲ್ ನಂಬರ್, ಸಮಯ, ಕೌಂಟರ್ ಹೇಳಿ. ರಾತ್ರಿ ಆ ಕೌಂಟರಿನಲ್ಲಿ ಅಷ್ಟೇ ದುಡ್ಡು ಹೆಚ್ಚಿಗೆ ಸಿಕ್ಕರೆ ನಿಮ್ಮ ಮಾತಿಗೆ ಅದೇ ಸಾಕ್ಷಿ.

ಚಿಲ್ಲರೆ ಬದಲು ಚಾಕ್ಲೇಟ್ ಕೊಟ್ಟರೆ ಬೇಡ ಅನ್ನಬಹುದು. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬುದು ಸುಮ್ನೆ ಹಬ್ಬಿದ ಸುದ್ದಿ. ರೂಪಾಯಿ ಚಿಹ್ನೆ ಇರುವುದು, ಇಲ್ಲದ್ದು, ಎಲ್ಲ ವಿನ್ಯಾಸದವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. 50 ಪೈಸೆಯೂ ಚಲಾವಣೆಯಲ್ಲಿದೆ.

ಬಸ್ಸಿನಲ್ಲಿ

ನಮ್ಮ ಸಾರಿಗೆ ಬಸ್ಸುಗಳಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಾರೆ. ಆ ಚೀಟಿಯೇ ನಿಮ್ಮ ಆಧಾರ, ಮಡಚಿ ಎಸೆಯಬೇಡಿ. ಬರೆದ ಅಂಕಿ ಸರಿಯಿದೆಯೇ ಎಂದು ಆಗಲೇ ನೋಡಿ. ಇಳಿಯುವ ನಿಲ್ದಾಣಕ್ಕೆ ಒಂದೆರಡು ಸ್ಟಾಪ್ ಮುಂಚೆಯೇ ‘ಸಾರ್, ಚಿಲ್ಲರೆ’ ಅನ್ನಿ. ಇಳಿಯುವಾಗ ಕೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ನಿಮ್ಮ ಮತ್ತು ಇನ್ನೊಬ್ಬ ಪ್ರಯಾಣಿಕರ ಬಾಕಿ ಸೇರಿಸಿ ಕಂಡಕ್ಟರ್ ಒಂದೇ ನೋಟು ಕೊಟ್ಟರೆ, ಆ ಇನ್ನೊಬ್ಬರು ಎಲ್ಲಿ ಇಳಿಯುತ್ತಾರೆ ಎಂದು ಕೇಳಿಕೊಳ್ಳಿ.

ಕೇಳಿದರೂ ಸರಿಮಾಡದಿದ್ದರೆ

ಬಿಲ್ಲಿನ ಫೋಟೊ ಅವತ್ತೇ ತೆಗೆದಿಡಿ. ಕೌಂಟರಿನ ಬಿಲ್ಲುಗಳು ಬಹುತೇಕ ಶಾಖ ತಾಗಿದರೆ ಕಪ್ಪಾಗುವ ಕಾಗದದವು, ಬಿಸಿಲಿಗೆ ಇಟ್ಟರೆ ಅಕ್ಷರ ಹಾಳಾಗುತ್ತದೆ. ಮೊದಲು ಮ್ಯಾನೇಜರ್ ಜೊತೆ ಮಾತಾಡಿ, ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. ಬಿಲ್ ಕೊಡುವುದಿಲ್ಲ ಅಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ತೂಕ ಮತ್ತು ಎಂಆರ್‌ಪಿ ದೂರಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಕೊಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಅಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕು ಎಂದೂ ಇಲ್ಲ.